ಹ್ಯಾಂಡಲ್ ಬದಲಿಸಿದ ಮೇಲೆ ಉಳಿದ ಕಪ್ಲರ್ ಯಾವುದರದ್ದು?

ಬೈಕಿಗೆ ಹೊಸ ಹ್ಯಾಂಡಲ್ ಕೂತಿತು, ಸ್ವಿಚ್‌ಗಳೂ ಬಿಗಿಯಾದವು. ಆದರೆ ಹೆಡ್‌ಲೈಟ್ ಡೂಮಿನೊಳಗೆ, ಅಂದರೆ ದೀಪದ ಹೊರಕವಚದೊಳಗೆ, ಒಂದೆರಡು ಕಪ್ಲರ್ (ವೈರ್‌ಗಳನ್ನು ಕೂಡಿಸುವ ಪ್ಲಾಸ್ಟಿಕ್ ಪ್ಲಗ್) ಜೋಡಿಯಿಲ್ಲದೆ ನೇತಾಡುತ್ತಿವೆ. ಟೇಪ್ ಸುತ್ತಿ ಒಳಗೆ ತುರುಕುವ ಅವಸರ ಬ್ಯಾಡ್ರಿ. ಕಪ್ಲರ್ ಎಣಿಸಿ ಉಪಯೋಗವಿಲ್ಲ, ಗಾಡಿಯ ಕೆಲಸಗಳನ್ನು ಎಣಿಸಬೇಕು.

ಕೀ ಆನ್ ಮಾಡಿ ಹಾರ್ನ್, ನಾಲ್ಕೂ ಇಂಡಿಕೇಟರ್, ಡಿಪ್ಪರ್, ಪಾಸ್ ಲೈಟ್ ನೋಡಿ. ಕಾಲಿನ ಬ್ರೇಕ್ ಮುಟ್ಟದೆ ಕೈ ಬ್ರೇಕ್ ಮಾತ್ರ ಹಿಡಿದು ಹಿಂದಿನ ದೀಪ ನೋಡಿ. ಆಮೇಲೆ ಸೈಡ್ ಸ್ಟ್ಯಾಂಡ್ ಎತ್ತಿ, ಗೇರ್ ಹಾಕಿ, ಕ್ಲಚ್ ಪೂರ್ತಿ ಹಿಡಿದು ಸೆಲ್ಫ್ ಒತ್ತಿ. ನ್ಯೂಟ್ರಲ್‌ನಲ್ಲಿ ಚಾಲೂ ಆಗುವ ಗಾಡಿ ಗೇರಿನಲ್ಲಿ ಸುಮ್ಮನಿದ್ದರೆ ಮೊದಲ ಅನುಮಾನ ಕ್ಲಚ್ ಸ್ವಿಚ್ ಮೇಲೆ. ಹೆಚ್ಚು ಮೋಸ ಆಗುವುದು ಇಲ್ಲೇ: ಕ್ಲಚ್ ಸ್ವಿಚ್ಚಿಗೂ ಬ್ರೇಕ್ ಸ್ವಿಚ್ಚಿಗೂ ಎರಡೆರಡೇ ವೈರ್. ಕ್ಲಚ್ ಹಿಡಿದಾಗ ಬ್ರೇಕ್ ಲೈಟ್ ಹತ್ತಿದರೆ ಅವು ಅದಲುಬದಲಾಗಿವೆ ಎಂದೇ ಅರ್ಥ.

ಎಲ್ಲವೂ ಸರಿಯಿದ್ದೂ ಕಪ್ಲರ್ ಉಳಿದರೆ, ಅದು ಯಾವ ಕಡೆಯದು ನೋಡಿ. ಸ್ವಿಚ್ಚಿನ ಕಡೆಯದಾದರೆ ಬೇರೆ ಮಾಡೆಲ್ಲಿನ ಸ್ವಿಚ್ ಬಂದಿರಬಹುದು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟ್ ಇಂಜಿನ್ ಚಾಲೂ ಆದೊಡನೆ ತಾನಾಗಿಯೇ ಉರಿಯುತ್ತದೆ. ಹಳೆಯ ಸ್ವಿಚ್ಚಿನ ಲೈಟ್ ಆನ್-ಆಫ್ ವೈರಿಗೆ ಅಲ್ಲಿ ಜೋಡಿ ಇಲ್ಲದಿರಬಹುದು. ವೈರಿಂಗ್ ಕಡೆಯದಾಗಿ ಬಾಯಿಗೆ ರಬ್ಬರ್ ಮುಚ್ಚಳವಿದ್ದರೆ, ಅದು ಕಂಪನಿಯೇ ಬೇರೆ ಮಾಡೆಲ್ಲಿಗೆಂದು ಖಾಲಿ ಬಿಟ್ಟದ್ದು ಇರಬಹುದು. ಮುಚ್ಚಳವಿಲ್ಲದೆ ಒಳಗಿನ ಪಿನ್ ಹೊಳೆಯುತ್ತಿದ್ದರೆ ನಿನ್ನೆಯವರೆಗೆ ಅದಕ್ಕೆ ಜೋಡಿ ಇದ್ದಿರಬಹುದು, ಮತ್ತೆ ಹುಡುಕಿ.

ಬಣ್ಣವೂ ಸುಳಿವು ಕೊಡುತ್ತದೆ. ಹೋಂಡಾ ಪದ್ಧತಿಯಲ್ಲಿ ಹಸಿರು ಅರ್ಥ್ (ಬ್ಯಾಟರಿಯ ಮೈನಸ್ಸಿಗೆ ಸೇರುವ ವೈರ್), ಕಪ್ಪು ಕೀ ಆನ್ ಆದಾಗಿನ ಕರೆಂಟ್, ಕಿತ್ತಳೆ ಎಡ ಇಂಡಿಕೇಟರ್, ತಿಳಿನೀಲಿ ಬಲ ಇಂಡಿಕೇಟರ್, ಹಸಿರಿನ ಮೇಲೆ ಹಳದಿ ಗೆರೆ ಬ್ರೇಕ್ ಲೈಟ್. ಬೇರೆ ಕಂಪನಿಗೆ ಈ ಲೆಕ್ಕ ನಡೆಯದು.

ಖಾತ್ರಿಗೆ ಕೀ ಆನ್ ಇಟ್ಟು, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ಕಡ್ಡಿ ಪಿನ್ನಿಗೆ ಹಿಡಿಯಿರಿ. 12ರ ಆಸುಪಾಸು ತೋರಿಸಿದರೆ ಅದರಲ್ಲಿ ಕರೆಂಟ್ ಇದೆ. ಕೀ ಆಫ್ ಮಾಡಿ ಕಂಟಿನ್ಯುಯಿಟಿಯಲ್ಲಿ (ಎರಡು ತುದಿ ಒಳಗೆ ಕೂಡಿದ್ದರೆ ಬೀಪ್ ಎನ್ನುವ ಸೆಟ್ಟಿಂಗ್) ಬೀಪ್ ಬಂದರೂ ಅದು ಅರ್ಥ್ ಎಂದು ನಂಬಬೇಡಿ. ಬಲ್ಬಿನ ತಂತಿಯ ಮೂಲಕವೂ ಬೀಪ್ ಬರುತ್ತದೆ. ಗುರುತಿಲ್ಲದ ಎರಡು ಪಿನ್ನನ್ನು ತಂತಿಯಿಂದ ಕೂಡಿಸಿ ನೋಡಿದಿರೋ, ಫ್ಯೂಸ್ ಹೋಯಿತು.

ನಿಜವಾಗಿಯೂ ಖಾಲಿಯದ್ದಾದರೆ ಬಾಯಿ ಕೆಳಗೆ ಮಾಡಿ, ಟೇಪ್ ಸುತ್ತಿ, ಟೈ ಹಾಕಿ ಕಟ್ಟಿ. ಧಾರವಾಡದ ಜಿಟಿಜಿಟಿ ಮಳೆ ಮೇಲ್ಮುಖ ಕಪ್ಲರಿನಲ್ಲಿ ನಿಂತು ಪಿನ್ ಹಸಿರುಗಟ್ಟಿಸುತ್ತದೆ. ಕೊನೆಗೆ ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಇಂಜಿನ್ ಬಂದ್ ಬಿದ್ದರೆ ಯಾವುದೋ ವೈರ್ ಜಗ್ಗುತ್ತಿದೆ. ರೇಸ್ ಏರಿದರೆ ಎಕ್ಸಲೇಟರ್ ಕೇಬಲ್ ಜಗ್ಗುತ್ತಿದೆ.