ಪ್ರಿಂಟರಿಗೆ ಬೀಗ ಹಾಕಿದ ಭಾನುವಾರ

ಮೊಬೈಲಿನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಎಂದು ಶುರುವಾಗುವ ಹೆಸರನ್ನು ನೀವೂ ನೋಡಿರುತ್ತೀರಿ. ಅದು ಪ್ರಿಂಟರ್ ತಾನೇ ಹರಡುವ ವೈಫೈ. ರೌಟರಿಗೂ ಅದಕ್ಕೂ ಸಂಬಂಧವಿಲ್ಲ. ರೌಟರಿಗೆ ಎಷ್ಟೇ ಗಟ್ಟಿ ಪಾಸ್‌ವರ್ಡ್ ಇಟ್ಟರೂ ಈ ಬಾಗಿಲು ತೆರೆದೇ ಇರಬಹುದು. ನಮ್ಮ ಪ್ರಿಂಟರಿನ ಹೆಸರು ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯ ಮೆಟ್ಟಿಲಿನಲ್ಲೂ ಕಾಣಿಸುತ್ತಿತ್ತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ 12345678.

ಕೆಲಸ ಅಲ್ಲಿಂದಲೇ ಶುರುಮಾಡಿದೆ. ರೌಟರಿನ ಪುಟದಲ್ಲಿ ಪ್ರಿಂಟರಿನ ಐಪಿ ವಿಳಾಸ (ಮನೆಯ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಹುಡುಕಿ ಬ್ರೌಸರಿನಲ್ಲಿ ಹಾಕಿದರೆ ಅದರ ಸೆಟ್ಟಿಂಗ್ ಪುಟ ಯಾವ ಪಾಸ್‌ವರ್ಡನ್ನೂ ಕೇಳದೆ ತೆರೆದುಕೊಂಡಿತು. ಅದರಲ್ಲಿ ‘ಸ್ಕ್ಯಾನ್’ ಎಂಬ ಗುಂಡಿಯೂ ಇತ್ತು. ಪರೀಕ್ಷೆಗೆಂದು ನನ್ನ ಪಾನ್ ಕಾರ್ಡನ್ನು ಗಾಜಿನ ಮೇಲಿಟ್ಟು ಮುಚ್ಚಳ ಮುಚ್ಚಿ, ಪಕ್ಕದ ಕೋಣೆಯಿಂದ ಆ ಗುಂಡಿ ಒತ್ತಿದೆ. ಒಳಗೆ ಬೆಳಕು ಸರಿದ ಸದ್ದು ಕೇಳಿಸಿತು. ಕಾರ್ಡಿನ ಚಿತ್ರ, ಸಂಖ್ಯೆಯ ಸಮೇತ, ಮೊಬೈಲಿಗೆ ಬಂತು. ಆಧಾರ್ ಜೆರಾಕ್ಸ್ ತೆಗೆದು ಮೂಲಪ್ರತಿಯನ್ನು ಗಾಜಿನ ಮೇಲೇ ಬಿಟ್ಟೇಳುವುದು ಯಾರ ಮನೆಯಲ್ಲಿ ನಡೆಯುವುದಿಲ್ಲ ಹೇಳಿ!

ಪ್ರಿಂಟರ್ ಹರಡುವ ಆ ವೈಫೈ ಡೈರೆಕ್ಟನ್ನು ಆಫ್ ಮಾಡಿದೆ, ಬ್ರೌಸರಿನಿಂದ ಸ್ಕ್ಯಾನ್ ಮಾಡುವ ಸೌಲಭ್ಯ ನಿಲ್ಲಿಸಿದೆ, ಸೆಟ್ಟಿಂಗ್ ಪುಟಕ್ಕೆ ಹೊಸ ಪಾಸ್‌ವರ್ಡ್ ಕೊಟ್ಟೆ. ಕಾರ್ಖಾನೆಯ ಪಾಸ್‌ವರ್ಡ್ ಒಂದೊಂದು ಯಂತ್ರಕ್ಕೂ ಬೇರೆ ಬೇರೆಯಾಗಿದ್ದರೂ ನೆಚ್ಚಿಕೊಳ್ಳುವಂತಿಲ್ಲ. ಬ್ರದರ್ ಕಂಪನಿಯ ನೂರಾರು ಮಾದರಿಗಳಲ್ಲಿ ಸೀರಿಯಲ್ ಸಂಖ್ಯೆ ಗೊತ್ತಾದರೆ ಆ ಪಾಸ್‌ವರ್ಡನ್ನು ಲೆಕ್ಕ ಹಾಕಿ ತೆಗೆಯಬಹುದೆಂದು 2025ರಲ್ಲಿ ಬಯಲಾಯಿತು. ಆಗಲೇ ಮಾರಾಟವಾದ ಯಂತ್ರಗಳಿಗೆ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅಪ್‌ಡೇಟ್ ಒಂದರಿಂದಲೇ ಪೂರ್ತಿ ಪರಿಹಾರವಿಲ್ಲ, ಪಾಸ್‌ವರ್ಡ್ ಬದಲಿಸಲೇಬೇಕು. ಆದರೂ ಅಪ್‌ಡೇಟ್ ಹಾಕಿಕೊಳ್ಳಿ, ನಾನೂ ಹಾಕಿದೆ.

ಇನ್ನು ಹೊರಗಿನ ಇಂಟರ್ನೆಟ್ಟಿನ ಕಡೆ. 2018ರಲ್ಲಿ ಒಬ್ಬಾತ ಜಗತ್ತಿನಾದ್ಯಂತ ಸಾವಿರಾರು ಪ್ರಿಂಟರುಗಳಲ್ಲಿ ಯೂಟ್ಯೂಬರ್ ಪ್ಯೂಡಿಪೈ ಪರ ಪ್ರಚಾರದ ಹಾಳೆ ಹೊರಬರುವಂತೆ ಮಾಡಿದ್ದ. ಅವನು ನುಗ್ಗಿದ್ದು 9100 ಪೋರ್ಟ್ ಮೂಲಕ, ಅಂದರೆ ಪ್ರಿಂಟರ್ ಮುದ್ರಣದ ಕೆಲಸ ಸ್ವೀಕರಿಸುವ ಜಾಲದ ಬಾಗಿಲಿನಿಂದ. ಮನೆಯ ರೌಟರ್ ಸಾಮಾನ್ಯವಾಗಿ ಅದನ್ನು ಹೊರಗಿನವರಿಗೆ ತೋರಿಸುವುದಿಲ್ಲ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನವರಿಗೆಂದು ನಾವೇ ರೌಟರಿನಲ್ಲಿ ತೆರೆದಿಡುವ ದಾರಿ) ಅಥವಾ ಯುಪಿಎನ್‌ಪಿ (ಸಾಧನಗಳು ತಾವೇ ಅಂಥ ದಾರಿ ತೆರೆಸಿಕೊಳ್ಳುವ ಸೌಲಭ್ಯ) ದಾರಿ ಮಾಡಿಕೊಟ್ಟಿದ್ದರೆ ಮಾತ್ರ ಕಷ್ಟ. ನಮ್ಮಲ್ಲಿ ಫಾರ್ವರ್ಡಿಂಗ್ ಏನೂ ಇರಲಿಲ್ಲ, ಯುಪಿಎನ್‌ಪಿ ಆಫ್ ಮಾಡಿದೆ. ಮಗನ ಆಟಕ್ಕೆ ತೊಂದರೆಯಾಯಿತೆಂಬ ದೂರು ಇನ್ನೂ ಬಾಕಿಯಿದೆ.

ಪ್ರಿಂಟರನ್ನು ಅತಿಥಿ ವೈಫೈಗೆ (ಬಂದವರಿಗೆಂದು ರೌಟರ್ ಕೊಡುವ ಪ್ರತ್ಯೇಕ ಜಾಲಕ್ಕೆ) ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಕಿ ನೋಡಿದೆ: ನಮ್ಮದೇ ಮೊಬೈಲುಗಳಿಗೆ ಪ್ರಿಂಟರ್ ಕಾಣದಾಯಿತು. ಒಂದು ಜಾಲದ ಸಾಧನ ಇನ್ನೊಂದಕ್ಕೆ ಕಾಣದಂತೆ ತಡೆಯುವುದೇ ಅದರ ಕೆಲಸವಲ್ಲವೇ! ವಾಪಸ್ ತಂದೆ. ತಿಂಗಳಿಗೆ ನಾಲ್ಕು ಹಾಳೆ ತೆಗೆಯುವ ಮನೆಗೆ ಯುಎಸ್‌ಬಿ ಕೇಬಲ್ಲೇ ಸಾಕು ಎಂಬುದು ನನ್ನ ಅಭಿಪ್ರಾಯ, ಮನೆಯವರು ಒಪ್ಪಿಲ್ಲ.

ಹಳೆಯ ಪ್ರಿಂಟರೊಂದು ಅಟ್ಟದ ಮೇಲಿತ್ತು, ಗುಜರಿಗೆ ಕೊಡಲು. ಅದರ ನೆನಪಿನಲ್ಲಿ ನಮ್ಮ ವೈಫೈ ಪಾಸ್‌ವರ್ಡ್ ಉಳಿದಿರುತ್ತದೆ. ಇಳಿಸಿ, ಕರೆಂಟ್ ಕೊಟ್ಟು, ಫ್ಯಾಕ್ಟರಿ ರೀಸೆಟ್ ಮಾಡಿಯೇ ಕೊಟ್ಟೆ.