ಪೌಡರ್ ಡಬ್ಬಿಗೂ ಮೊದಲು ರಾತ್ರಿ ಊಟ

ಮಡಿಕೇರಿಯಲ್ಲಿ ಡಯಟಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಲಿವರ್ ಕ್ಯಾನ್ಸರ್‌ಗೆ ಮೈಸೂರು, ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಮನೆಯವರು ಬಂದು ಕೂತ ಕೂಡಲೇ ಕೇಳುವುದು, "ಯಾವ ಪ್ರೋಟೀನ್ ಪೌಡರ್ ಒಳ್ಳೇದು ಮೇಡಂ?" ನಾನು ಮೊದಲು ಕೇಳುವುದು ಬೇರೆ. ರಾತ್ರಿ ಊಟ ಎಷ್ಟು ಗಂಟೆಗೆ? ಬೆಳಿಗ್ಗೆ ತಿಂಡಿ ಎಷ್ಟಕ್ಕೆ?

ಈ ರೋಗಿಗಳಲ್ಲಿ ಹೆಚ್ಚಿನವರಿಗೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಕೂಡ ಇರುತ್ತದೆ. ಚೆನ್ನಾಗಿರುವ ಲಿವರ್ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಸಕ್ಕರೆ ಬಿಡುತ್ತದೆ. ಇವರ ಲಿವರ್‌ನಲ್ಲಿ ಆ ದಾಸ್ತಾನು ಬೇಗ ಮುಗಿಯುತ್ತದೆ. ಆಮೇಲೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಲು ಶುರುಮಾಡುತ್ತದೆ. ರಾತ್ರಿ ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂದರೆ ನಡುವೆ 12 ಗಂಟೆ, ಅಲ್ವಾ? ಹಗಲು ಎಷ್ಟು ದುಬಾರಿ ಪೌಡರ್ ಕೊಟ್ಟರೂ ಈ ನಷ್ಟ ತುಂಬುವುದು ಕಷ್ಟ. ಹಾಗಾಗಿ ಮಲಗುವ ಮೊದಲು ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಂತೆ ಏನಾದರೂ ತಿನ್ನಿಸಲು ಹೇಳುತ್ತೇನೆ. ಎರಡು ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮತ್ತು ಒಂದು ಲೋಟ ಹಾಲು, ಇಲ್ಲವೇ ಹಾಲಿನ ಜೊತೆ ನೂಪುಟ್ಟು (ಅಕ್ಕಿ ಶಾವಿಗೆ). ಸಕ್ಕರೆ ಕಾಯಿಲೆ ಇದ್ದರೆ ಅಳತೆ ಬದಲಾಗುತ್ತದೆ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಸಂಕಟ ತರುತ್ತದೆ. "ಲಿವರ್‌ಗೆ ಭಾರ" ಅಂತ ಮನೆಯವರು ಮೊಟ್ಟೆ, ಬೇಳೆ, ಮೀನು ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡುತ್ತಿರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ರೋಗಿ ಸೊರಗುತ್ತಾರೆ. ಇವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆಜಿ ಇದ್ದರೆ 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಮಂಪರು, ಗೊಂದಲ ಕಂಡರೆ ತಕ್ಷಣ ಡಾಕ್ಟರ್‌ಗೆ ತೋರಿಸಬೇಕು. ಆದರೆ ಆಗಲೂ ಪ್ರೋಟೀನ್ ನಿಲ್ಲಿಸುವುದಿಲ್ಲ, ಹಾಲು, ಮೊಸರು, ಬೇಳೆಕಾಳಿನ ಕಡೆ ಜಾಸ್ತಿ ವಾಲುತ್ತೇವೆ.

ಇಷ್ಟೆಲ್ಲ ಆದಮೇಲೂ ಲೆಕ್ಕ ತುಂಬದಿದ್ದರೆ ಮಾತ್ರ ಪೌಡರ್. ಹಸಿವೇ ಇಲ್ಲದವರಿಗೆ ಅದು ನಿಜವಾಗಿ ಆಸರೆ. ಕೆಲವರಿಗೆ ಡಾಕ್ಟರ್ ಜೊತೆ ಮಾತಾಡಿ ಬಿಸಿಎಎ ಕೊಡುತ್ತೇವೆ. ಅಂದರೆ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳು. ಜಿಮ್ ಅಂಗಡಿಯ ಡಬ್ಬಿ ಬೇಡ. ಅದರಲ್ಲಿ ಗ್ರೀನ್ ಟೀ ಸಾರ, ಅಶ್ವಗಂಧ ಸೇರಿರಬಹುದು. ಇವುಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳಿವೆ. ಅಮೃತಬಳ್ಳಿ ಕಷಾಯದಿಂದಲೂ ಆಗಿದೆ. ವಿಟಮಿನ್ ಎ, ಕಬ್ಬಿಣದ ಮಾತ್ರೆಗಳನ್ನೂ ಸುಮ್ನೆ ನುಂಗಬಾರದು.

ನಮ್ಮ ಪಣಪುಳಿ ಹಣ್ಣಿನ ಸಾರವನ್ನೇ ಗಾರ್ಸಿನಿಯಾ ಅಂತ ತೂಕ ಇಳಿಸುವ ಕ್ಯಾಪ್ಸೂಲ್ ಮಾಡಿ ಮಾರುತ್ತಾರೆ. ಅದರಿಂದಲೂ ಲಿವರ್ ಕೆಟ್ಟವರಿದ್ದಾರೆ. ಹಾಗಾದರೆ ಅದೇ ಹಣ್ಣಿನಿಂದ ಮಾಡುವ ಅಡುಗೆಯ ಹುಳಿ, ಕಾಚಂಪುಳಿ? ಸಾರಿಗೆ ಹಾಕುವ ಕೆಲವು ಹನಿ ಬೇರೆ, ಕ್ಯಾಪ್ಸೂಲಿನ ಗಟ್ಟಿ ಮಾಡಿದ ಸಾರವನ್ನು ದಿನವೂ ನುಂಗುವುದು ಬೇರೆ. ಹೊಟ್ಟೆಯಲ್ಲಿ ನೀರು ತುಂಬಿ ಉಪ್ಪು ಕಡಿಮೆ ಮಾಡಿದವರಿಗೆ ಊಟ ಸಪ್ಪೆ ಆಗಿ ಸೇರುವುದಿಲ್ಲ. ಅಂಥವರ ಡಾಕ್ಟರ್ ಒಪ್ಪಿದರೆ ಆ ಹನಿಗಳಿಗೆ ನಾನು ಅಡ್ಡಿ ಹೇಳುವುದಿಲ್ಲ. ಮನೆಯಲ್ಲಿ ಮಾಡಿದ ವೈನ್ ಮಾತ್ರ ಒಂದು ಗುಟುಕೂ ಬೇಡ.

ಮಳೆಗಾಲದಲ್ಲಿ ನಮ್ಮಲ್ಲಿ ಶೇಂಗಾಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಲಿವರ್ ಕ್ಯಾನ್ಸರ್‌ಗೇ ಒಂದು ಕಾರಣ. ಬೂಷ್ಟು ಹಿಡಿದ ಶೇಂಗಾವನ್ನು ಆರಿಸಿಯೋ ಹುರಿದೋ ಕೊಡಬೇಡಿ, ಎಸೆಯಿರಿ.

ಸೊರಾಫೆನಿಬ್ ಎಂಬ ಲಿವರ್ ಕ್ಯಾನ್ಸರ್ ಮಾತ್ರೆ ನುಂಗುವವರಿಗೆ ಊಟದ ಹೊತ್ತನ್ನೇ ಬರೆದುಕೊಡುತ್ತೇನೆ. ಅದನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ತೆಗೆದುಕೊಳ್ಳಬೇಕು. ಇದನ್ನು ಹೊಂದಿಸದಿದ್ದರೆ ಮಲಗುವ ಮುಂಚಿನ ಆಹಾರವೇ ತಪ್ಪಿಹೋಗುತ್ತದೆ.

ತೂಕದ ಯಂತ್ರವನ್ನು ನಾನು ಪೂರ್ತಿ ನಂಬುವುದಿಲ್ಲ. ಹೊಟ್ಟೆಯ ನೀರಿನಿಂದ ತೂಕ ಏರಿದಂತೆ ಕಾಣುತ್ತದೆ, ತೋಳು ಮಾತ್ರ ಸಣ್ಣಗಾಗುತ್ತಿರುತ್ತದೆ. ದರ್ಜಿಯ ಟೇಪಿನಿಂದ ತೋಳಿನ ನಡುಭಾಗದ ಸುತ್ತಳತೆ ತೆಗೆಯುವುದನ್ನು ಮನೆಯವರಿಗೆ ಕಲಿಸುತ್ತೇನೆ. ಅದು ಇಳಿಯುತ್ತಿದ್ದರೆ ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ ಅಂತ ಹೇಳಿ ಕಳಿಸುತ್ತೇನೆ.