ಹೊಸ ಸೆನ್ಸರ್ ಬೇಗ ಕೆಡುವುದೇಕೆ, ಕೊಳ್ಳುವಾಗ ನೋಡಬೇಕಾದದ್ದೇನು

ಹುಬ್ಬಳ್ಳಿಯಿಂದ ನವಲಗುಂದ, ಗದಗದ ಕಡೆಗೆ ದಿನವೂ ಓಡುವ ವಾಹನದಲ್ಲಿ ಹೊಸದಾಗಿ ಹಾಕಿಸಿದ ಸೆನ್ಸರ್ ಕೆಲವೇ ತಿಂಗಳಲ್ಲಿ ಕೈಕೊಟ್ಟರೆ, ಹಳೆಯದನ್ನು ಕೆಡಿಸಿದ ಕಾರಣ ಇನ್ನೂ ಎಂಜಿನ್ನಿನಲ್ಲೇ ಉಳಿದಿದೆಯೇ ಎಂದು ಮೊದಲು ನೋಡಬೇಕು. ಆಯಿಲ್ ಸುಡುತ್ತಿದ್ದರೆ, ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಒಳಗೆ ಸೋರುತ್ತಿದ್ದರೆ ಅಥವಾ ಎಂಜಿನ್ನಿನ ಜೋಡಣೆಗಳಲ್ಲಿ ಸೆನ್ಸರಿಗೆ ಹೊಂದದ ಸಿಲಿಕೋನ್ ಗಮ್ ಬಳಸಿದ್ದರೆ, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ತುದಿಗೆ ಪದರ ಕಟ್ಟುವುದರಿಂದ ಎಷ್ಟೇ ಬೆಲೆಯದನ್ನು ಹಾಕಿದರೂ ಅದು ಬಾಳುವುದಿಲ್ಲ. ನಮ್ಮ ಎರೆಮಣ್ಣಿನ ನುಣ್ಣನೆಯ ಧೂಳು ಹರಿದ ಏರ್ ಫಿಲ್ಟರ್ ದಾಟಿ, ಗಾಳಿಯ ಪ್ರಮಾಣವನ್ನು ಅಳೆಯುವ ಸೆನ್ಸರಿನ ಮೇಲೆ ಕೂರುತ್ತದೆ. ಕನೆಕ್ಟರಿನ ರಬ್ಬರ್ ಸೀಲ್ ಸಡಿಲವಾಗಿದ್ದರೆ ಮಳೆಗಾಲದಲ್ಲಿ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ.

ಆದ್ದರಿಂದ ದೋಷ ಪತ್ತೆಯ ಯಂತ್ರವಾದ ಸ್ಕ್ಯಾನರ್ ತೋರಿಸುವ ಕೋಡ್ ಒಂದನ್ನೇ ನಂಬದೆ, ವೈರಿಂಗ್, ಅರ್ತಿಂಗ್ ಮತ್ತು ಅನೇಕ ಸೆನ್ಸರುಗಳಿಗೆ ಬರಬೇಕಾದ 5 ವೋಲ್ಟ್ ವಿದ್ಯುತ್ತನ್ನು ಮೀಟರಿನಿಂದ ಪರೀಕ್ಷಿಸುವಂತೆ ಮೆಕ್ಯಾನಿಕರಿಗೆ ಹೇಳಿರಿ.

ಕೊಳ್ಳುವಾಗ ಹಳೆಯ ಸೆನ್ಸರನ್ನು ಅಂಗಡಿಗೆ ಒಯ್ದು ಅದರ ಮೈಮೇಲಿನ ಪಾರ್ಟ್ ನಂಬರನ್ನು ತಾಳೆ ನೋಡಿರಿ. ಆಕಾರ ಹೊಂದಿದರೂ ಅದು ಕೊಡುವ ಸಂಕೇತ ಬೇರೆಯಿರಬಹುದು. ಎಂಜಿನ್ನಿನ ಮುಖ್ಯ ದಂಡದ ತಿರುಗುವಿಕೆಯನ್ನು ತಿಳಿಸುವ ಕ್ರ್ಯಾಂಕ್ ಸೆನ್ಸರಿನಲ್ಲಂತೂ ಅಗ್ಗದ ಮಾಲಿಗೆ ಮರುಳಾಗುವುದು ನನಗೆ ಸರಿಕಾಣದು, ಏಕೆಂದರೆ ಎಂಜಿನ್ ತಣ್ಣಗಿರುವಾಗ ಸರಿಯಾಗಿ ನಡೆಯುವ ಕಳಪೆ ಸೆನ್ಸರ್ ಬಿಸಿಯೇರಿದ ಮೇಲೆ ಸಂಕೇತ ನಿಲ್ಲಿಸಿ ವಾಹನವನ್ನು ನಡುದಾರಿಯಲ್ಲೇ ನಿಲ್ಲಿಸಬಹುದು. ವಾಹನ ಕಂಪನಿಯ ಅಥವಾ ಅದಕ್ಕೆ ಸೆನ್ಸರ್ ಪೂರೈಸುವ ತಯಾರಕರ ಮಾಲನ್ನೇ, ಪಕ್ಕಾ ಬಿಲ್ಲು ಮತ್ತು ವಾರಂಟಿಯೊಂದಿಗೆ ಕೊಳ್ಳಿರಿ.